ವಸಡಿನ ಬಿರುಕು

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ವಿಗ್ರಹಕ್ಕೆಂದು ಕಲ್ಲನ್ನು ಆರಿಸುವ ಶಿಲ್ಪಿಯು ಕಣ್ಣಿಗಿಂತ ಕಿವಿಯನ್ನು ಹೆಚ್ಚಾಗಿ ನಂಬುತ್ತಾನೆ. ಸುತ್ತಿಗೆಯಿಂದ ಶಿಲೆಯ ಮೈಯನ್ನು ಅಲ್ಲಲ್ಲಿ ಮೆಲ್ಲನೆ ತಟ್ಟಿ, ಹೊರಡುವ ದನಿ ಗಂಟೆಯ ನಾದದಂತೆ ತುಂಬಿ ಬಂದರೆ ಮುಂದುವರಿಯುತ್ತಾನೆ. ಎಲ್ಲಿಯಾದರೂ ಒಡಕು ಮಡಕೆಯನ್ನು ತಟ್ಟಿದಂತೆ ಸತ್ತ ಸದ್ದು ಕೇಳಿಸಿತೋ, ಮೇಲುನೋಟಕ್ಕೆ ಎಷ್ಟೇ ನುಣುಪಾಗಿ ಕಂಡರೂ ಆ ಕಲ್ಲನ್ನು ಪಕ್ಕಕ್ಕೆ ಸರಿಸುತ್ತಾನೆ. ಇಂಥ ಒಳದೋಷವುಳ್ಳ ಶಿಲೆಯನ್ನು ನಮ್ಮ ಶಿಲ್ಪಶಾಸ್ತ್ರಗಳು ಸಗರ್ಭವೆಂದು ಕರೆದು, ಪೂಜಾಮೂರ್ತಿಗೆ ಅದು ತ್ಯಾಜ್ಯವೆಂದು ವಿಧಿಸಿವೆ. ತಿಂಗಳುಗಟ್ಟಲೆ ಉಳಿ ಹಿಡಿದು ಕೆತ್ತಿ, ಇನ್ನೇನು ಕಣ್ಣು ತೆರೆಯಿಸಬೇಕು ಎನ್ನುವ ದಿನ ಮೂರ್ತಿಯ ಮುಖದ ಮೇಲೆ ಕೂದಲೆಳೆಯಷ್ಟು ಬಿರುಕು ತಲೆದೋರಿದರೆ, ಅದು ಅಂದು ಹುಟ್ಟಿದ ಬಿರುಕಲ್ಲ. ಮೊದಲ ದಿನವೇ ಒಳಗಿದ್ದದ್ದು, ತಟ್ಟಿ ನೋಡುವವರಿಲ್ಲದೆ ಉಳಿದುಕೊಂಡದ್ದು.

ಮನುಷ್ಯಶರೀರದಲ್ಲಿಯೂ ಇಂಥದೊಂದು ಬಿರುಕು ಉಂಟು. ಅದು ಇರುವುದು ನಾವು ದಿನಕ್ಕೆ ನೂರು ಬಾರಿ ತೆರೆದು ಮುಚ್ಚುವ ಬಾಯಿಯಲ್ಲಿ. ಅಲ್ಲಿ ಮನೆಮಾಡಿಕೊಂಡು, ಅಲ್ಲಿರುವಷ್ಟು ಕಾಲ ದೊಡ್ಡ ಉಪದ್ರವವನ್ನೇನೂ ಕೊಡದ ಬ್ಯಾಕ್ಟೀರಿಯಗಳು ಯಾವಾಗಲೋ ಒಮ್ಮೆ ರಕ್ತವನ್ನು ಸೇರಿ, ಬಾಯಿಗೂ ತನಗೂ ಯಾವ ನಂಟೂ ಇಲ್ಲವೆಂಬಂತೆ ದೂರದಲ್ಲಿರುವ ಹೃದಯದ ಕವಾಟದಲ್ಲಿಯೋ ಮೊಣಕಾಲಿನ ಕೀಲಿನಲ್ಲಿಯೋ ನೆಲೆಯೂರಿ, ಪ್ರಾಣಕ್ಕೇ ಸಂಚಕಾರ ತರುವುದುಂಟು. ಇದು ವಿರಳವಾದ ಸಂಗತಿಯೆಂಬುದನ್ನು ಮೊದಲೇ ಒತ್ತಿ ಹೇಳಿಬಿಡುವುದು ಲೇಸು. ಏಕೆಂದರೆ ಈ ವಿಷಯದಲ್ಲಿ ಉದಾಸೀನದಿಂದ ಆದ ಹಾನಿ ಎಷ್ಟೋ, ಅತಿಭಯದಿಂದ ಆದ ಹಾನಿಯೂ ಅಷ್ಟೇ ಎಂಬುದನ್ನು ವೈದ್ಯಶಾಸ್ತ್ರದ ಚರಿತ್ರೆಯೇ ಸಾರುತ್ತದೆ.

ಬಾಯಿಯೊಳಗಿನ ಈ ಪ್ರಜಾಸಮೂಹವನ್ನು ಮೊತ್ತಮೊದಲು ಕಣ್ಣಾರೆ ಕಂಡವನು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನ್ ಫಾನ್ ಲೇವನ್‌ಹುಕ್. ತಾನೇ ಉಜ್ಜಿ ಮಾಡಿಕೊಂಡ ಮಸೂರದಡಿ ತನ್ನ ಹಲ್ಲಿನ ಸಂದಿಯ ಬಿಳಿಯ ಕೊಳೆಯನ್ನಿಟ್ಟು ನೋಡಿ, ಅದರಲ್ಲಿ ಸರಿದಾಡುತ್ತಿದ್ದ ಕ್ಷುದ್ರಜೀವಿಗಳ ವರ್ಣನೆಯನ್ನು 1683ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ಕಳುಹಿಸಿದ ಆತ, ಜನ್ಮದಲ್ಲಿ ಹಲ್ಲುಜ್ಜಿರದ ಮುದುಕನೊಬ್ಬನ ಬಾಯಿಯನ್ನೂ ಬಿಡದೆ ಪರೀಕ್ಷಿಸಿ ಬೆರಗಾದನು. ಇಂದಿನ ಲೆಕ್ಕದಲ್ಲಿ ಮನುಷ್ಯರ ಬಾಯಿಗಳಲ್ಲಿ ಕಂಡುಬಂದಿರುವ ಬ್ಯಾಕ್ಟೀರಿಯಗಳ ಜಾತಿ 700ನ್ನು ಮೀರುತ್ತದೆ. ಒಂದು ಮಿಲಿಲೀಟರ್ ಜೊಲ್ಲಿನಲ್ಲಿ ಅವುಗಳ ಸಂಖ್ಯೆ ಸುಮಾರು ಹತ್ತು ಕೋಟಿ. ಇವುಗಳಲ್ಲಿ ಬಹುಪಾಲು ನಮಗೆ ನೆರೆಹೊರೆಯವರಂತೆ. ಇದ್ದಲ್ಲಿ ಇದ್ದರೆ ಜಗಳವಿಲ್ಲ.

ಆದರೆ ಇದ್ದಲ್ಲಿ ಇರಿಸುವ ಬೇಲಿ ಬಹಳ ತೆಳುವಾದದ್ದು. ಶರೀರದ ಹೊರಪದರವನ್ನು ಸೀಳಿಕೊಂಡು ಹೊರಕ್ಕೆ ಚಾಚಿ ನಿಂತಿರುವ ಗಡುಸು ಅಂಗವೆಂದರೆ ಹಲ್ಲು. ಆ ಸೀಳಿನ ಸುತ್ತ ವಸಡು ಅಂಗಿಯ ಕೊರಳಪಟ್ಟಿಯಂತೆ ಬಿಗಿಯಾಗಿ ಅಂಟಿಕೊಂಡು, ಹೊರಗಿನದನ್ನು ಹೊರಗೆ, ಒಳಗಿನದನ್ನು ಒಳಗೆ ಕಾಯುತ್ತದೆ. ತಿಂದ ಅನ್ನದ ಪಸೆಯೂ ಬ್ಯಾಕ್ಟೀರಿಯಗಳೂ ಸೇರಿ ಹಲ್ಲಿನ ಬುಡದಲ್ಲಿ ಕಟ್ಟೆಯ ಮೆಟ್ಟಿಲ ಮೇಲಿನ ಪಾಚಿಯಂತೆ ಪದರಗಟ್ಟಿ, ಕಾಲಕ್ರಮದಲ್ಲಿ ಕಲ್ಲಾಗಿ, ವಸಡನ್ನು ಹಲ್ಲಿನಿಂದ ಬಿಡಿಸಿ ನಡುವೆ ಕಿಸೆಗಳನ್ನು ಮಾಡುತ್ತವೆ. ವಸಡುರೋಗ ಬಲಿತವರ ಬಾಯಿಯಲ್ಲಿ ಈ ಕಿಸೆಗಳ ಒಳಮೈಯ ಹುಣ್ಣನ್ನೆಲ್ಲ ಬಿಡಿಸಿ ಹರಡಿದರೆ 8ರಿಂದ 20 ಚದರ ಸೆಂಟಿಮೀಟರಿನಷ್ಟು ಆದೀತೆಂದು ಅಂದಾಜು ಮಾಡಿದ್ದಾರೆ. ಇಷ್ಟಗಲದ ಹುಣ್ಣು ಅಂಗೈಯ ಮೇಲಿದ್ದರೆ ಆ ದಿನವೇ ಆಸ್ಪತ್ರೆಯ ಬಾಗಿಲು ತಟ್ಟುತ್ತಿದ್ದ ನಾವು, ಬಾಯಿಯಲ್ಲಿದೆಯೆಂಬ ಕಾರಣಕ್ಕೆ ಉಗುಳಿದ ನೊರೆಯ ಕೆಂಪನ್ನು ಬಚ್ಚಲಿಗೆ ನೀರು ಹೊಯ್ದು ಮರೆತುಬಿಡುತ್ತೇವೆ.

ಈ ಹುಣ್ಣಿನ ಬಾಯಿಂದ ಬ್ಯಾಕ್ಟೀರಿಯಗಳು ರಕ್ತಕ್ಕೆ ಇಳಿಯುತ್ತವೆಯೆಂಬುದನ್ನು ಲೆಕ್ಕ ಹಿಡಿದು ತೋರಿಸಿದವರು 1935ರಲ್ಲಿ ಓಕೆಲ್ ಮತ್ತು ಎಲಿಯಟ್ ಎಂಬ ಆಂಗ್ಲ ವೈದ್ಯರು. ಹಲ್ಲು ಕೀಳಿಸಿಕೊಂಡ ಕೂಡಲೆ 138 ಜನರ ರಕ್ತವನ್ನು ತೆಗೆದು ಬೆಳೆಯಿಸಿ ನೋಡಿದಾಗ, ನೂರಕ್ಕೆ ಅರುವತ್ತಕ್ಕಿಂತ ಹೆಚ್ಚು ಜನರಲ್ಲಿ ಬಾಯಿಯ ಸ್ಟ್ರೆಪ್ಟೊಕಾಕಸ್‌ಗಳು ಕಂಡುವು. ಇದರಿಂದ ಹಲ್ಲು ಕೀಳಿಸುವುದೇ ದೊಡ್ಡ ಗಂಡಾಂತರವೆಂಬ ಭಾವನೆ ಬಹುಕಾಲ ಬೇರೂರಿತ್ತು. 2008ರಲ್ಲಿ ಅಮೆರಿಕದ ಲಾಕ್‌ಹಾರ್ಟ್ ಮತ್ತು ಸಂಗಡಿಗರು ಪ್ರಕಟಿಸಿದ ಪರೀಕ್ಷೆ ಈ ಭಾವನೆಯನ್ನು ಅಲುಗಿಸಿತು: ಔಷಧವಿಲ್ಲದೆ ಹಲ್ಲು ಕೀಳಿಸಿಕೊಂಡವರಲ್ಲಿ ನೂರಕ್ಕೆ 60 ಮಂದಿಯ ರಕ್ತದಲ್ಲಿ ಸೂಕ್ಷ್ಮಾಣುಗಳು ಕಂಡರೆ, ಬರಿದೆ ಬ್ರಷ್ಷಿನಿಂದ ಹಲ್ಲುಜ್ಜಿದವರಲ್ಲಿಯೂ 23 ಮಂದಿಯಲ್ಲಿ ಕಂಡುವು. ಹಲ್ಲು ಕೀಳಿಸುವುದು ಜನ್ಮಕ್ಕೆ ನಾಲ್ಕಾರು ಸಲ. ಉಜ್ಜುವುದು, ಅಗಿಯುವುದು ದಿನನಿತ್ಯ. ಎಂದಮೇಲೆ ಬಾಯಿ ಕೆಟ್ಟವನ ರಕ್ತದೊಳಕ್ಕೆ ಈ ಅತಿಥಿಗಳು ನಿತ್ಯವೂ ಹಣಿಕಿ ಹೋಗುತ್ತಿರುತ್ತವೆಂದೇ ಅರ್ಥ. ಹೀಗಿದ್ದೂ ನಾವು ಬದುಕಿರುವುದು, ಯಕೃತ್ತು ಪ್ಲೀಹಗಳ ಹಾಗೂ ಬಿಳಿಯ ರಕ್ತಕಣಗಳ ಕಾವಲು ಅವುಗಳನ್ನು ಬಹುಮಟ್ಟಿಗೆ ನಿಮಿಷಗಳ ಲೆಕ್ಕದಲ್ಲಿ ಹಿಡಿದು ತೀರಿಸುವುದರಿಂದ.

ಕಾವಲಿಗೆ ಸಿಕ್ಕದೆ ಉಳಿಯುವ ಒಂದೆರಡಕ್ಕೆ ಅಂಟಿಕೊಳ್ಳಲು ಒರಟು ಜಾಗವೊಂದು ಬೇಕು. ನಯವಾದ ಆರೋಗ್ಯದ ಕವಾಟದ ಮೇಲೆ ಅವು ಜಾರಿ ಹೋಗುತ್ತವೆ. ಬಾಲ್ಯದಲ್ಲಿ ಗಂಟಲುಬೇನೆಯ ಹಿಂದೆಯೇ ಬಂದ ರುಮ್ಯಾಟಿಕ್ ಜ್ವರದಿಂದ ಮುದುಡಿ ಗೀಚುಬಿದ್ದ ಕವಾಟದ ಮೇಲೆ, ಹುಟ್ಟಿನಿಂದಲೇ ದೋಷವಿರುವ ಹೃದಯದಲ್ಲಿ, ಶಸ್ತ್ರಕ್ರಿಯೆಯಿಂದ ಜೋಡಿಸಿದ ಕೃತಕ ಕವಾಟದ ಅಂಚಿನಲ್ಲಿ ಅವಕ್ಕೆ ಹಿಡಿತ ಸಿಕ್ಕುತ್ತದೆ. ಸಕ್ಕರೆಯಿಂದ ಅಂಟು ನೇಯ್ದುಕೊಂಡು ಹಲ್ಲಿಗೆ ಅಂಟುವುದರಲ್ಲಿ ಪಳಗಿದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್, ಸ್ಯಾಂಗ್ವಿನಿಸ್ ಮೊದಲಾದ ಜಾತಿಗಳಿಗೆ ಕವಾಟಕ್ಕೆ ಅಂಟುವುದೂ ಅಸಾಧ್ಯವೇನಲ್ಲ. ಎಂಡೋಕಾರ್ಡೈಟಿಸ್ ಎಂದು ವೈದ್ಯರು ಕರೆಯುವ ಈ ವ್ಯಾಧಿಯನ್ನು 1885ರಲ್ಲಿ ವಿಲಿಯಂ ಆಸ್ಲರ್ ಲಂಡನ್ನಿನ ತನ್ನ ಪ್ರಸಿದ್ಧ ಉಪನ್ಯಾಸಗಳಲ್ಲಿ ವಿವರಿಸಿದಾಗಲೂ, ಮುಂದೆ ಪೆನಿಸಿಲಿನ್ ಬರುವವರೆಗೂ, ಅದು ತಗಲಿದವರು ಉಳಿಯುತ್ತಿದ್ದುದು ಇಲ್ಲವೆನ್ನುವಷ್ಟು ಅಪರೂಪ. ಈಗ ನಾಲ್ಕರಿಂದ ಆರು ವಾರ ರಕ್ತನಾಳದ ಮೂಲಕ ಔಷಧ ಕೊಟ್ಟು ಬಹುಮಂದಿಯನ್ನು ಉಳಿಸಿಕೊಳ್ಳುತ್ತಾರೆ. ಆದರೆ ಅದಕ್ಕೆ ರೋಗ ಮೊದಲು ಗುರುತಿಗೆ ಸಿಕ್ಕಬೇಕು.

ಗುರುತಿಗೆ ಸಿಕ್ಕದಿರುವುದೇ ಇದರ ಸ್ವಭಾವ. ಸಂಜೆಯ ಸಣ್ಣ ಜ್ವರ, ರಾತ್ರಿಯ ಬೆವರು, ಊಟ ಸೇರದಿರುವುದು, ಮೈ ಇಳಿಯುವುದು, ಇಷ್ಟೇ ಲಕ್ಷಣಗಳು ವಾರಗಟ್ಟಲೆ ಎಳೆಯುತ್ತವೆ. ಈ ನಡುವೆ ಮನೆಯವರು ಮೆಡಿಕಲ್ ಶಾಪಿನಿಂದ ಮೂರು ದಿನದ ಆಂಟಿಬಯಾಟಿಕ್ ಮಾತ್ರೆ ತಂದು ನುಂಗಿಸುತ್ತಾರೆ. ಜ್ವರ ಇಳಿಯುತ್ತದೆ, ಮತ್ತೆ ಏರುತ್ತದೆ, ಮತ್ತೆ ಮೂರು ದಿನದ ಮಾತ್ರೆ. ಕೊನೆಗೆ ದೊಡ್ಡ ಆಸ್ಪತ್ರೆಗೆ ಬಂದಾಗ, ಬೇರೆ ಬೇರೆ ಕಡೆ ಸೂಜಿ ಚುಚ್ಚಿ ತೆಗೆದ ರಕ್ತವನ್ನು ಪೋಷಕದ್ರವದ ಬಾಟಲಿಗಳಲ್ಲಿಟ್ಟು ಬೆಚ್ಚಗೆ ಕಾಪಿಟ್ಟರೂ ಏನೊಂದೂ ಬೆಳೆಯುವುದಿಲ್ಲ. ಅರೆಬರೆ ಮಾತ್ರೆಯಿಂದ ಶತ್ರು ಸತ್ತಿರುವುದಿಲ್ಲ, ಅಡಗಿಕೊಂಡಿರುತ್ತದೆ; ಯಾವ ಔಷಧದಿಂದ ಅದನ್ನು ಹೊಡೆಯಬೇಕೆಂದು ತಿಳಿಯುವ ದಾರಿ ಮಾತ್ರ ಮುಚ್ಚಿಹೋಗಿರುತ್ತದೆ.

ಕೀಲುಗಳ ಕಥೆ ಇನ್ನೊಂದು ಬಗೆಯದು. ಮೊಣಕಾಲು, ಸೊಂಟ, ಭುಜ ಇವುಗಳ ಕೀಲಿನ ಒಳಗೆ ಎಣ್ಣೆಯಂಥ ದ್ರವವನ್ನು ಒಸರಿಸುವ ಮೃದುವಾದ ಪೊರೆಯೊಂದಿದೆ. ಆ ಪೊರೆಯಲ್ಲಿ ರಕ್ತನಾಳಗಳು ಹೇರಳ; ಮಿಕ್ಕ ಕಡೆ ಇರುವಂಥ ಅಡಿಪದರದ ಬಿಗಿ ಅಲ್ಲಿಲ್ಲ; ಆದುದರಿಂದ ರಕ್ತದಲ್ಲಿ ತೇಲಿ ಬಂದ ಸೂಕ್ಷ್ಮಾಣು ಒಳಹೊಗುವುದು ಸುಲಭ. ಹೊಕ್ಕಮೇಲೆ ಕೀವು ತುಂಬಿ, ಮೂಳೆಯ ತುದಿಗೆ ಹೊದಿಸಿದ ನುಣುಪಾದ ಮೃದ್ವಸ್ಥಿಯನ್ನು ದಿನಗಳಲ್ಲಿಯೇ ಕರಗಿಸಿಬಿಡಬಲ್ಲುದು. ಒಮ್ಮೆ ಕರಗಿದ ಆ ಹೊದಿಕೆ ಮೊದಲಿನಂತೆ ಮತ್ತೆ ಬೆಳೆಯುವುದಿಲ್ಲ. ಇಂಥ ಕೀಲುಸೋಂಕುಗಳಲ್ಲಿ ಹೆಚ್ಚಿನವು ಚರ್ಮದ ಮೇಲೂ ಮೂಗಿನಲ್ಲೂ ವಾಸಿಸುವ ಸ್ಟಾಫಿಲೊಕಾಕಸ್‌ನಿಂದ ಬರತಕ್ಕವು. ಬಾಯಿಯ ನಿವಾಸಿಗಳಿಂದ ಬರುವವು ಕೆಲವೇ. ಆದರೆ ಆ ಕೆಲವುಗಳಲ್ಲಿ ಒಂದು ಬಳಗ ವಿಶೇಷವಾದದ್ದು: ಎಳೆಯ ಮಕ್ಕಳದು.

ಎಲಿಜಬೆತ್ ಕಿಂಗ್ ಎಂಬ ಅಮೆರಿಕದ ಸೂಕ್ಷ್ಮಾಣುತಜ್ಞೆ 1960ರ ದಶಕದಲ್ಲಿ, ಯಾವ ಪಂಗಡಕ್ಕೂ ಸೇರದ ಸಣ್ಣ ದಂಡಾಕೃತಿಯ ಬ್ಯಾಕ್ಟೀರಿಯವೊಂದನ್ನು ಗುರುತಿಸಿದಳು. ಆಕೆ ತೀರಿಕೊಂಡ ಮೇಲೆ 1976ರಲ್ಲಿ ಅದಕ್ಕೆ ಆಕೆಯ ಹೆಸರಿನಿಂದಲೇ ಕಿಂಗೆಲ್ಲ ಎಂಬ ಕುಲನಾಮವಾಯಿತು. ಆರು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳ ಗಂಟಲಲ್ಲಿ ಇದು ಸದ್ದಿಲ್ಲದೆ ಇರುತ್ತದೆ. ಎಲ್ಲೋ ಒಂದು ಮಗುವಿನಲ್ಲಿ, ಹೆಚ್ಚಾಗಿ ನೆಗಡಿಯೋ ಬಾಯಿಹುಣ್ಣೋ ಬಂದಾಗ, ರಕ್ತಕ್ಕಿಳಿದು ಮೊಣಕಾಲನ್ನೋ ಹಿಮ್ಮಡಿಯ ಮೂಳೆಯನ್ನೋ ಸೇರುತ್ತದೆ. ನಿನ್ನೆಯವರೆಗೆ ಅಂಗಳದ ತುಂಬ ಓಡಾಡುತ್ತಿದ್ದ ಕೂಸು ಇಂದು ಕಾಲೂರಲು ಒಲ್ಲದೆ ಅಳುತ್ತದೆ. ಮೈ ಸ್ವಲ್ಪವೇ ಬಿಸಿ. ಬಿದ್ದಿತೋ ಏನೋ, ಉಳುಕಿರಬೇಕು ಎಂದು ಅಜ್ಜಿ ಹರಳೆಣ್ಣೆ ಹಚ್ಚಿ ನೀವುತ್ತಾಳೆ. ಆಸ್ಪತ್ರೆಯಲ್ಲಿ ಕೀಲಿನ ದ್ರವವನ್ನು ಸಿರಿಂಜಿನಲ್ಲಿ ಎಳೆದು ಪ್ರಯೋಗಶಾಲೆಯ ತಟ್ಟೆಯ ಮೇಲೆ ಹಚ್ಚಿದರೆ ಈ ಬ್ಯಾಕ್ಟೀರಿಯ ಬಹುವೇಳೆ ಬೆಳೆಯಲೊಲ್ಲದು. ಇಸ್ರೇಲಿನ ಬೀರ್‌ಶೆಬಾದ ವೈದ್ಯರು ಅದೇ ದ್ರವವನ್ನು ತಟ್ಟೆಗೆ ಹಚ್ಚುವ ಬದಲು ರಕ್ತ ಬೆಳೆಯಿಸುವ ಬಾಟಲಿಗೆ ಚುಚ್ಚಿದರು. ಅದುವರೆಗೆ ಕಾರಣ ತಿಳಿಯದು ಎಂದು ಬರೆದು ಮುಚ್ಚುತ್ತಿದ್ದ ಎಷ್ಟೋ ಮಕ್ಕಳ ಕೀಲುಬೇನೆಗೆ ಕಾರಣ ಆ ಬಾಟಲಿಯಲ್ಲಿ ಬೆಳೆದು ನಿಂತಿತು. 1992ರಲ್ಲಿ ಅವರು ಇದನ್ನು ಪ್ರಕಟಿಸಿದರು. ಪೆನಿಸಿಲಿನ್ ವರ್ಗದ ಔಷಧಗಳಿಗೆ ಕಿಂಗೆಲ್ಲ ಸಾಮಾನ್ಯವಾಗಿ ಬಗ್ಗುತ್ತದೆ. ಸಕಾಲಕ್ಕೆ ಕರೆತಂದ ಮಗು ಮತ್ತೆ ಓಡಾಡುತ್ತದೆ.

ಸಕಾಲಕ್ಕೆ ಗುರುತಿಸಬೇಕೆಂಬ ಈ ಮಾತಿಗೆ ಕೋಲಾರ ಸೀಮೆಯಲ್ಲಿ ಒಂದು ವಿಶೇಷವಾದ ಅರ್ಥವಿದೆ. ಹಲ್ಲಿನ ಬೇನೆ, ಕೀಲಿನ ಬೇನೆ ಎರಡೂ ನಮ್ಮಲ್ಲಿ ಜೊತೆಜೊತೆಯಾಗಿ ಕಾಣುವುದು ನೀರಿನಲ್ಲಿರುವ ಫ್ಲೋರೈಡಿನಿಂದ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿದೆ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆಗಳೂ, ಪ್ರಾಯ ಸಂದವರ ಬೆನ್ನು ಮಂಡಿಗಳಲ್ಲಿ ಬಿಗಿತವೂ ಅದರ ಗುರುತುಗಳು. ಇದೇ ವ್ಯಾಧಿಯನ್ನು 1937ರಷ್ಟು ಹಿಂದೆಯೇ ಶಾರ್ಟ್ ಮತ್ತು ಸಂಗಡಿಗರು ಅಂದಿನ ಮದ್ರಾಸು ಪ್ರಾಂತದ ನೆಲ್ಲೂರಿನಲ್ಲಿ ವರ್ಣಿಸಿದ್ದರು. ಮೇಲಾಗಿ ದಿನವಿಡೀ ನೆಲದ ಮೇಲೆ ಕುಳಿತು ಉಳಿಯ ಮೇಲೆ ಸುತ್ತಿಗೆ ಬೀಸುವ ಶಿಲ್ಪಿಗೆ ಮಂಡಿನೋವು ಕಸುಬಿನ ಪಾಲಾಗಿಯೇ ಬಂದದ್ದು. ಹೀಗೆ ನೋವಿಗೆ ಒಗ್ಗಿಹೋದ ನಾಡಿನಲ್ಲಿ, ಬೇರೊಂದು ಜಾತಿಯ ನೋವು ಬಂದು ನಿಂತಾಗ ಅದನ್ನು ಬೇರೆಯೆಂದು ತಿಳಿಯುವುದು ಕಷ್ಟ. ಫ್ಲೋರೈಡಿನ ಬಿಗಿತ ವರ್ಷಗಟ್ಟಲೆ ನಿಧಾನವಾಗಿ, ಹೆಚ್ಚಾಗಿ ಎರಡೂ ಕಡೆ, ಜ್ವರವಿಲ್ಲದೆ ಬರುತ್ತದೆ; ಸೋಂಕಿನ ಕೀಲು ಸಾಮಾನ್ಯವಾಗಿ ಒಂದೇ, ಒಂದೆರಡು ದಿನದಲ್ಲಿ ಊದಿ, ಮುಟ್ಟಿದರೆ ಸುಡುವಷ್ಟು ಬಿಸಿಯಾಗಿ, ಮಡಿಸಲು ಬಾರದೆ, ಜ್ವರದೊಡನೆ ಬರುತ್ತದೆ. ಮುರಿದ ಮೂಳೆಗೆ ಪುತ್ತೂರು ಕಟ್ಟು ಹಾಕಿಸುವುದು ಈ ಗಡಿಸೀಮೆಯ ಹಳೆಯ ರೂಢಿ. ಆದರೆ ಕೀವು ತುಂಬಿದ ಕೀಲಿಗೆ ಯಾವ ಕಟ್ಟೂ ಮದ್ದಲ್ಲ. ಅದನ್ನು ಸೂಜಿಯಿಂದ ಬರಿದುಮಾಡಿ, ಒಳಗಿನ ಶತ್ರುವಿನ ಹೆಸರು ತಿಳಿದು, ಔಷಧ ಕೊಡಬೇಕಾದದ್ದು ಆಸ್ಪತ್ರೆಯ ಕೆಲಸ. ಅದೂ ಆ ದಿನವೇ.

ಬಾಯಿಯಿಂದ ಹೊರಟು ರಕ್ತವನ್ನೋ ಕೀಲನ್ನೋ ಕೆಡಿಸುವ ಇನ್ನೂ ಒಂದೆರಡು ದಾರಿಗಳುಂಟು. 1936ರಲ್ಲಿ ಫ್ರಾನ್ಸಿನ ಆಂದ್ರೆ ಲೆಮಿಯೇರ್ ವರ್ಣಿಸಿದ ವ್ಯಾಧಿಯಲ್ಲಿ, ಹರೆಯದವರ ಸಾಮಾನ್ಯವಾದ ಗಂಟಲುನೋವು ಕೆಲವು ದಿನಗಳ ಬಳಿಕ ಕುತ್ತಿಗೆಯ ದೊಡ್ಡ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿಸಿ, ಅಲ್ಲಿಂದ ಕೀವಿನ ಕಣಗಳನ್ನು ಶ್ವಾಸಕೋಶಕ್ಕೂ ಕೀಲುಗಳಿಗೂ ಎಸೆಯುತ್ತದೆ. ಆತ ಹೇಳಿದ 20 ರೋಗಿಗಳಲ್ಲಿ 18 ಮಂದಿ ಸತ್ತಿದ್ದರು. ಪ್ರಾಣವಾಯು ಬೇಡದ ಫ್ಯೂಸೊಬ್ಯಾಕ್ಟೀರಿಯಂ ಎಂಬುದು ಅದರ ಕರ್ತೃ. ಇನ್ನೊಂದು ದಾರಿ ಜಗಳದ್ದು: ಎದುರಾಳಿಯ ಹಲ್ಲಿಗೆ ಮುಷ್ಟಿ ತಾಗಿ ಬೆರಳಗೆಣ್ಣಿನ ಮೇಲೆ ಆದ ಸಾಸಿವೆಯಷ್ಟು ಗಾಯದೊಳಗಿಂದ ಐಕೆನೆಲ್ಲ ಎಂಬ ಬಾಯಿಯ ಬ್ಯಾಕ್ಟೀರಿಯ ನೇರವಾಗಿ ಕೀಲನ್ನು ಹೊಗುತ್ತದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯಲ್ಲಿ ಬೆರಳಿನ ಆರೋಗ್ಯವೂ ಅಡಗಿದೆಯೆಂದು ಗಾದೆ ಕಟ್ಟಿದವರಿಗೆ ತಿಳಿದಿರಲಿಲ್ಲವೇನೋ!

ಇಷ್ಟನ್ನು ಓದಿ, ಬಾಯಿಯೇ ಸಕಲ ರೋಗಗಳ ಮೂಲವೆಂದು ಯಾರಾದರೂ ತೀರ್ಮಾನಿಸಿದರೆ, ಅವರಿಗಿಂತ ಮೊದಲೇ ಆ ತೀರ್ಮಾನಕ್ಕೆ ಬಂದು ಕೆಟ್ಟವರ ಕಥೆಯನ್ನೂ ಕೇಳಬೇಕು. 1910ರಲ್ಲಿ ವಿಲಿಯಂ ಹಂಟರ್ ಎಂಬ ಆಂಗ್ಲ ವೈದ್ಯ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಮಾಡಿದ ಭಾಷಣದಲ್ಲಿ, ಕೊಳೆತ ಹಲ್ಲಿನ ಬೇರುಗಳ ಮೇಲೆ ಚಿನ್ನದ ಟೊಪ್ಪಿಗೆಗಳನ್ನು ಕೂರಿಸುವ ದಂತವೈದ್ಯರನ್ನು ಕಟುವಾಗಿ ಖಂಡಿಸಿದನು. ಅದೇ ದಿನಗಳಲ್ಲಿ ನಮ್ಮ ಕೋಲಾರದ ಗಣಿಗಳ ಚಿನ್ನ ಕಡಲು ದಾಟಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಅದರಲ್ಲಿ ಗುಲಗಂಜಿಯಷ್ಟಾದರೂ ಆತ ಬೈದ ಬಾಯಿಗಳನ್ನು ಸೇರಿರಲಿಲ್ಲವೆಂದು ಯಾರು ಬಲ್ಲರು? ಹಂಟರನ ಮಾತಿನಲ್ಲಿ ಸತ್ಯಾಂಶವಿತ್ತು. ಅದನ್ನು ಹಿಡಿದು ಓಡಿದವರಲ್ಲಿ ವಿವೇಕ ಇರಲಿಲ್ಲ. ಸಂಧಿವಾತ, ತಲೆನೋವು, ಅಜೀರ್ಣ ಎಲ್ಲಕ್ಕೂ ಹಲ್ಲೇ ಕಾರಣವೆಂದು ಬಗೆದು, ಮುಂದಿನ ಮೂರು ದಶಕಗಳ ಕಾಲ ಪಾಶ್ಚಾತ್ಯ ದೇಶಗಳಲ್ಲಿ ಒಳ್ಳೆಯ ಹಲ್ಲುಗಳನ್ನೂ ಸಾಲಾಗಿ ಕಿತ್ತರು. ಅಮೆರಿಕದ ಟ್ರೆಂಟನ್ನಿನ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥನಾಗಿದ್ದ ಹೆನ್ರಿ ಕಾಟನ್ ಹುಚ್ಚಿಗೂ ಇದೇ ಕಾರಣವೆಂದು ನಂಬಿ, ರೋಗಿಗಳ ಹಲ್ಲು ಕಿತ್ತು, ಸಾಲದೆಂದು ಟಾನ್ಸಿಲ್ ಕಿತ್ತು, ಕಡೆಗೆ ದೊಡ್ಡಕರುಳಿಗೂ ಕತ್ತಿ ಹಾಕಿದನು. ಹುಚ್ಚು ಬಿಡಲಿಲ್ಲ, ಅನೇಕರ ಪ್ರಾಣ ಹೋಯಿತು. ಕೀಲುವಾತಕ್ಕೂ ವಸಡುರೋಗಕ್ಕೂ ಏನೋ ನಂಟಿರಬಹುದೆಂದು ಇಂದಿನ ವಿಜ್ಞಾನಿಗಳು ಮತ್ತೆ ಹುಡುಕುತ್ತಿರುವುದು ನಿಜ. ಆದರೆ ಈ ಸಲ ಇಕ್ಕುಳವನ್ನು ಮೇಜಿನ ಮೇಲಿಟ್ಟು ಹುಡುಕುತ್ತಿದ್ದಾರೆ.

ಔಷಧದ ವಿಷಯದಲ್ಲಿಯೂ ಇದೇ ಪಾಠ. ಹಲ್ಲಿನ ಚಿಕಿತ್ಸೆಗೆ ಮುನ್ನ ಹಲವು ಬಗೆಯ ಹೃದ್ರೋಗಿಗಳಿಗೆ ಆಂಟಿಬಯಾಟಿಕ್ ಕೊಡಬೇಕೆಂದು 1955ರಿಂದ ಹೇಳುತ್ತ ಬಂದ ಅಮೆರಿಕದ ಹೃದಯಸಂಘವು 2007ರಲ್ಲಿ ಅದನ್ನು ಬಹಳ ಸಂಕೋಚಗೊಳಿಸಿತು: ಕೃತಕ ಕವಾಟ ಉಳ್ಳವರು, ಹಿಂದೆ ಎಂಡೋಕಾರ್ಡೈಟಿಸ್ ಬಂದಿದ್ದವರು, ಹುಟ್ಟಿನಿಂದ ಬಂದ ಕೆಲವು ಬಗೆಯ ಹೃದಯದೋಷ ಉಳ್ಳವರು, ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಕವಾಟ ಕೆಟ್ಟವರು, ಇಷ್ಟು ಜನಕ್ಕೆ ಮಾತ್ರ ಚಿಕಿತ್ಸೆಗೆ ಮುನ್ನ ಒಂದೇ ಸಲದ ಮಾತ್ರೆ ಸಾಕು. ಲೋಹದ ಮಂಡಿ ಹಾಕಿಸಿಕೊಂಡವರಿಗೂ ಇಂಥ ಮಾತ್ರೆ ಬೇಕೆಂದು ಹಿಂದೆ ಎಣಿಸಿದ್ದರು. 2010ರಲ್ಲಿ ಮೇಯೋ ಕ್ಲಿನಿಕ್ಕಿನವರು ಕೃತಕ ಕೀಲಿಗೆ ಸೋಂಕು ತಗಲಿದ ರೋಗಿಗಳನ್ನೂ ತಗಲದವರನ್ನೂ ಹೋಲಿಸಿ, ಹಲ್ಲಿನ ಚಿಕಿತ್ಸೆ ಅದಕ್ಕೆ ಕಾರಣವಾಗಿರಲಿಲ್ಲವೆಂದು ತೋರಿಸಿದ ಮೇಲೆ ಆ ಎಣಿಕೆಯೂ ಸಡಿಲಿತು. ಸಾಮಾನ್ಯವಾಗಿ ಬೇಡವೆಂದೇ ಅಮೆರಿಕದ ದಂತವೈದ್ಯರ ಸಂಘ 2015ರಲ್ಲಿ ತೀರ್ಮಾನಿಸಿತು. ಮಾತ್ರೆಗಿಂತ ಹೆಚ್ಚಿನ ರಕ್ಷೆ ಶುಭ್ರವಾದ ವಸಡು ಎಂಬುದು ಈ ಎಲ್ಲ ತಿದ್ದುಪಡಿಗಳ ಸಾರ. ಆದುದರಿಂದಲೇ ಕವಾಟ ಬದಲಿಸುವ ಶಸ್ತ್ರವೈದ್ಯರು, ಎದೆ ತೆರೆಯುವ ಮುನ್ನ ರೋಗಿಯನ್ನು ದಂತವೈದ್ಯರ ಬಳಿಗೆ ಅಟ್ಟುತ್ತಾರೆ. ಹೃದಯದ ಆಪರೇಷನ್ನಿಗೆ ಬಂದರೆ ಹಲ್ಲು ತೋರಿಸೆನ್ನುತ್ತಾರಲ್ಲ ಎಂದು ರೋಗಿಯ ಕಡೆಯವರು ಗೊಣಗುವುದುಂಟು. ಆ ವೈದ್ಯರು ಮಾಡುತ್ತಿರುವುದು ಶಿಲ್ಪಿ ಮಾಡುವುದನ್ನೇ, ಉಳಿ ಹಿಡಿಯುವ ಮುನ್ನ ಕಲ್ಲನ್ನು ತಟ್ಟಿ ನೋಡುತ್ತಿದ್ದಾರೆ.

ಶುಭ್ರತೆಗೆ ನಮ್ಮಲ್ಲಿ ಪರಂಪರೆಯಿಲ್ಲವೆಂದಲ್ಲ. ದಂತಧಾವನಕ್ಕೆ ಚರಕಸಂಹಿತೆಯು ಹೇಳಿದ ಗಿಡಗಳಲ್ಲಿ ಕರಂಜವೂ ಒಂದು. ಅದೇ ನಮ್ಮ ಬದುಗಳ ಮೇಲಿನ ಹೊಂಗೆ. ಅರುವತ್ತೈದು ಮುಖರೋಗಗಳನ್ನು ಎಣಿಸಿದ ಸುಶ್ರುತನು ಅವುಗಳಲ್ಲಿ ಹದಿನೈದನ್ನು ದಂತಮೂಲಕ್ಕೆ, ಎಂದರೆ ವಸಡಿಗೆ, ಹಂಚಿದ್ದಾನೆ. ಹಲ್ಲಿಗೆ ಕೊಟ್ಟದ್ದು ಎಂಟನ್ನು ಮಾತ್ರ. ವಸಡಿಗಿದ್ದ ಆ ಗೌರವವನ್ನು ನಾವು ಕಳೆದುಕೊಂಡೆವು. ಹಲ್ಲುನೋವು ಬಂದರೆ ಲವಂಗ ಕಚ್ಚಿ, ದವಡೆಗೆ ಟವಲು ಸುತ್ತಿ, ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸಿ ಮರೆಯುತ್ತೇವೆ. ಸಕ್ಕರೆ ಕಾಯಿಲೆ ವಸಡನ್ನು ಕೆಡಿಸುತ್ತದೆಂಬುದನ್ನು ಕೇಳಿಯೂ ಇರುವುದಿಲ್ಲ. ಹಲ್ಲೆಲ್ಲ ಉದುರಿದ ಮೇಲೆ ಬಡ ವೃದ್ಧರಿಗೆ ಕಟ್ಟುಹಲ್ಲು ಕೊಡಲು ಸರ್ಕಾರದ ದಂತಭಾಗ್ಯ ಯೋಜನೆಯಿದೆ. ಉದುರುವ ಮುನ್ನಿನ ಭಾಗ್ಯವನ್ನು ಮಾತ್ರ ನಾವೇ ಮಾಡಿಕೊಳ್ಳಬೇಕು.

ಆದುದರಿಂದ ಓದುಗರಲ್ಲಿ ಬಿನ್ನಹ ಇಷ್ಟು. ದಿನಕ್ಕೆ ಎರಡು ಬಾರಿ ಹಲ್ಲಿನ ಬುಡವನ್ನು ಮೃದುವಾಗಿ ಉಜ್ಜಿರಿ; ವಸಡಿನಲ್ಲಿ ರಕ್ತ ಕಂಡರೆ ಉಜ್ಜುವುದನ್ನು ಬಿಡದೆ ದಂತವೈದ್ಯರಿಗೆ ತೋರಿಸಿರಿ. ಒಂದೇ ಕೀಲು ಏಕಾಏಕಿ ಬಿಸಿಯೇರಿ ಊದಿಕೊಂಡರೆ, ನಡೆಯುತ್ತಿದ್ದ ಮಗು ಕಾಲೂರಲು ಒಲ್ಲೆನೆಂದರೆ, ಎಣ್ಣೆ ನೀವುತ್ತ ರಾತ್ರಿ ಕಳೆಯಬೇಡಿ. ಹೃದಯದಲ್ಲಿ ದೋಷವಿದ್ದವರಿಗೆ ಜ್ವರ ವಾರ ದಾಟಿದರೆ, ಆಂಟಿಬಯಾಟಿಕ್ ನುಂಗುವ ಮುನ್ನ ರಕ್ತ ಕಲ್ಚರ್ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿರಿ. ಮತ್ತು ಆ ವೈದ್ಯರು ಹೊಟ್ಟೆ ಮುಟ್ಟಿ, ಎದೆಗೆ ಕೊಳವೆಯಿಟ್ಟು, ಬಾಯಿಯನ್ನು ನೋಡದೆ ಚೀಟಿ ಬರೆಯತೊಡಗಿದರೆ, ಕಳೆದ ತಿಂಗಳು ನೋಯುತ್ತಿದ್ದ ಹಲ್ಲಿನ ಸಂಗತಿಯನ್ನು ನೀವಾಗಿಯೇ ಹೇಳಿಬಿಡಿರಿ.